ರಾತ್ರಿ ಏಳಬೇಡಿ, ಅಪ್ಪಾ

ರೇಕ್ಯಾವಿಕ್, ಐಸ್‌ಲ್ಯಾಂಡ್

ತೀರ್ಥರೂಪ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮವಾಗಿದ್ದೇನೆ.

ತೋಟಕ್ಕೆ ಎಲೆಚುಕ್ಕಿ ರೋಗ ಬಂದಂದಿನಿಂದ ನಿಮಗೆ ನಿದ್ದೆ ಹತ್ತುತ್ತಿಲ್ಲವೆಂದೂ, ನಡುರಾತ್ರಿ ಎದ್ದು ಟಾರ್ಚ್ ಹಿಡಿದು ಅಡಿಕೆ ಮರಗಳ ನಡುವೆ ಓಡಾಡುತ್ತೀರೆಂದೂ ಅಮ್ಮ ಹೇಳಿದರು. ಫೋನಿನಲ್ಲಿ ನಾನು ಏನು ಹೇಳಿದರೂ ನೀವು ‘ಆಯಿತು ಮಗಳೇ’ ಎಂದು ಮಾತು ಮುಗಿಸುತ್ತೀರಿ. ಅದಕ್ಕಾಗಿಯೇ ಈ ಪತ್ರ.

ಇಲ್ಲಿಯವರ ಪ್ರಾಚೀನ ನೀತಿಕಾವ್ಯ ‘ಹಾವಾಮಾಲ್’. ಓಡಿನ್ ದೇವರ ನುಡಿಗಳೆಂದು ಹೇಳಲಾಗುವ ಇದರ 164 ಪದ್ಯಗಳು ಪೂರ್ಣವಾಗಿ ಉಳಿದುಬಂದಿರುವುದು ಸುಮಾರು 1270ರಲ್ಲಿ ಚರ್ಮದ ಹಾಳೆಗಳ ಮೇಲೆ ಬರೆದ ಒಂದೇ ಒಂದು ಹಳೆಯ ಹಸ್ತಪ್ರತಿಯಲ್ಲಿ. 1662ರಲ್ಲಿ ಡೆನ್ಮಾರ್ಕಿನ ದೊರೆಗೆ ಕಾಣಿಕೆಯಾಗಿ ಹೋದ ಆ ಪುಸ್ತಕ 1971ರಲ್ಲಿ ಹಡಗಿನಲ್ಲಿ ಮರಳಿದಾಗ ಬಂದರಿನಲ್ಲಿ ಜನಸಾಗರವೇ ನೆರೆದಿತ್ತಂತೆ. ಅದರಲ್ಲಿ ಲೊಡ್‌ಫಾಫ್ನಿರ್ ಎಂಬವನಿಗೆ ಹೇಳಿದ ಬುದ್ಧಿಮಾತುಗಳ ಒಂದು ಭಾಗವಿದೆ. ಅಲ್ಲಿ ಎಲ್ಲಕ್ಕಿಂತ ಮೊದಲು ಬರುವ ಮಾತು ಇದು: ಬೇಹು ನೋಡುವುದಕ್ಕೋ ಹೊರಕಡೆಗೆ ಹೋಗುವುದಕ್ಕೋ ಅಲ್ಲದೆ ರಾತ್ರಿ ಏಳಬೇಡ.

ಮೊದಲು ಓದಿದಾಗ ಇದೇನು ಇಷ್ಟು ಸಣ್ಣ ಮಾತು ಎನಿಸಿತ್ತು. ಇಲ್ಲಿಯ ಚರಿತ್ರೆ ತಿಳಿದ ಮೇಲೆ ಹಾಗೆನಿಸಲಿಲ್ಲ. ಆ ಹಸ್ತಪ್ರತಿ ಬರೆಯುವುದಕ್ಕೆ ಇಪ್ಪತ್ತು ವರ್ಷವೂ ಮುಂಚೆಯಲ್ಲ, 1253ರ ಅಕ್ಟೋಬರಿನಲ್ಲಿ, ಉತ್ತರ ಭಾಗದ ಫ್ಲುಗುಮೀರಿ ಎಂಬಲ್ಲಿ ಮದುವೆಯ ಔತಣ ಮುಗಿದು ಮನೆಯವರು ಮಲಗಿದ್ದಾಗ ವೈರಿಗಳು ಬಂದು ಮನೆಗೆ ಬೆಂಕಿಯಿಟ್ಟರು. ಯಜಮಾನ ಗಿಸ್ಸುರ್ ಹುಳಿಹಾಲಿನ ನೀರು ತುಂಬಿದ್ದ ಪೀಪಾಯಿಯಲ್ಲಿ ಅಡಗಿ ಬದುಕಿದನು. ಅವನ ಹೆಂಡತಿ ಮತ್ತು ಮೂವರು ಗಂಡುಮಕ್ಕಳು ಉಳಿಯಲಿಲ್ಲ. ಅಂತಹ ನಾಡಿನಲ್ಲಿ ಬೇಹು ನೋಡಲು ಏಳುವುದು ಜೀವದ ಪ್ರಶ್ನೆಯಾಗಿತ್ತು. ಎರಡನೆಯ ವಿನಾಯಿತಿಯೂ ಹಗುರವಾದದ್ದಲ್ಲ: ಹಳೆಯ ಸಾಗಾ ಕಥೆಯೊಂದರಲ್ಲಿ ಕ್ಯಾರ್ಟಾನ್ ಎಂಬವನು ಎದುರಾಳಿಯ ಮನೆಯ ಬಾಗಿಲುಗಳನ್ನು ಕಾದು ನಿಂತು, ಮೂರು ದಿನ ಯಾರನ್ನೂ ಹೊರಕಡೆಗೆ ಬಿಡದೆ ಇಡೀ ಮನೆತನವನ್ನೇ ಅವಮಾನಿಸುತ್ತಾನೆ.

ತೋಟಕ್ಕೆ ಹಂದಿ ನುಗ್ಗಿದ ರಾತ್ರಿ ನೀವು ಎದ್ದರೆ ಅದನ್ನು ಆ ಕವಿಯೂ ಒಪ್ಪುತ್ತಿದ್ದನು, ನಾನೂ ಒಪ್ಪುತ್ತೇನೆ. ಆದರೆ ನಿಮ್ಮನ್ನು ಎಬ್ಬಿಸುತ್ತಿರುವುದು ಚಿಂತೆ. ಅದಕ್ಕೂ ಅದೇ ಕಾವ್ಯದಲ್ಲಿ ಒಂದು ಪದ್ಯವಿದೆ: ತಿಳಿಗೇಡಿಯು ರಾತ್ರಿಯೆಲ್ಲ ಎಚ್ಚರವಿದ್ದು ಎಲ್ಲವನ್ನೂ ಚಿಂತಿಸುತ್ತಾನೆ, ಬೆಳಗಾಗುವಷ್ಟರಲ್ಲಿ ಅವನು ದಣಿದಿರುತ್ತಾನೆ, ಕಷ್ಟ ಮಾತ್ರ ಇದ್ದ ಹಾಗೆಯೇ ಇರುತ್ತದೆ. ‘ತಿಳಿಗೇಡಿ’ ಎಂಬ ಮಾತು ನಿಮಗೆ ಸಲ್ಲದು, ಕ್ಷಮಿಸಿ. ಉಳಿದದ್ದನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದವರು ನೀವೇ. ಟಾರ್ಚ್ ಬೆಳಕಿನಲ್ಲಿ ಅಷ್ಟೆತ್ತರದ ಸೋಗೆಯ ಮೇಲಿನ ಚುಕ್ಕಿ ಕಾಣುವುದಾದರೂ ಹೇಗೆ?

ಆಳುಗಳು ಕಡಿಮೆ ಇರುವವನು ನಸುಕಿನಲ್ಲೇ ಎದ್ದು ತನ್ನ ಕೆಲಸ ನೋಡಿಕೊಳ್ಳಬೇಕು ಎಂದೂ ಆ ಕಾವ್ಯ ಹೇಳುತ್ತದೆ. ಆಳು ಸಿಗದ ನಮ್ಮ ಊರಿಗೆ ಇದಕ್ಕಿಂತ ಹತ್ತಿರದ ಮಾತು ನನಗೆ ಈ ದೇಶದಲ್ಲಿ ಸಿಕ್ಕಿಲ್ಲ. ಬೆಳಕು ಹರಿದ ಮೇಲೆ ಎಷ್ಟು ಹೊತ್ತು ಬೇಕಾದರೂ ತೋಟದಲ್ಲಿರಿ.

ನಿಮ್ಮಲ್ಲಿ ರಾತ್ರಿ ಎರಡು ಗಂಟೆಯಾದಾಗ ಇಲ್ಲಿ ಇನ್ನೂ ಎಂಟೂವರೆ, ನಾನು ಊಟ ಮುಗಿಸಿ ಕುಳಿತಿರುತ್ತೇನೆ. ನಿದ್ದೆ ಬಾರದಿದ್ದರೆ ಚಪ್ಪಲಿ ಮೆಟ್ಟಬೇಡಿ, ಮಲಗಿದಲ್ಲಿಂದಲೇ ನನಗೆ ಫೋನ್ ಮಾಡಿ.

ಇಂತಿ ನಿಮ್ಮ ಮಗಳು