ಹೊಳೆ ಇದೆ, ಸೆಪ್ಟೆಂಬರ್‌ನಲ್ಲಿ ಬಾ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಕೈಸೇರಿ ಹದಿನೈದು ದಿನವಾಯಿತು. ಜುಲೈ ಕೊನೆಗೆ ರಜೆ ಸಿಕ್ಕಿದೆ, 2018ರಲ್ಲಿ ಮಾಡಿದ ಹಾಗೆ ಇಲ್ಲಿ ಕೊಲರಾಡೋದ ಪೂಡರ್ ಹೊಳೆಯ ಪಕ್ಕ ಟೆಂಟು ಹಾಕಿ ನಾಲ್ಕು ದಿನ ಟ್ರೌಟ್ ಮೀನು ಹಿಡಿಯೋಣ ಅಂತ ಬರೆದಿದ್ದೀಯ. ಕೊನೆಗೊಂದು ಸಾಲು: "ಬೆಂಕಿ ಬಿದ್ದ ಮೇಲೆ ಅಲ್ಲಿ ಏನೂ ಉಳಿದಿಲ್ಲ ಅಂದರೆ ಹೇಳು, ವಯೋಮಿಂಗ್ ಕಡೆ ಹೋದರಾಯಿತು." ಆ ಒಂದು ಸಾಲಿಗೆ ಉತ್ತರ ಬರೆಯುವುದಕ್ಕೇ ಇಷ್ಟು ದಿನ ಹಿಡಿಯಿತು. ಮೂರು ಸಲ ಬರೆಯಲು ಕೂತೆ, ಮೂರು ಸಲ ಎದ್ದೆ.

ಉಳಿದಿದೆ. ಆದರೆ ನೀನು ನೋಡಿ ಹೋದ ಹೊಳೆ ಅಲ್ಲ. ಇದನ್ನು ಮೊದಲೇ ಹೇಳದಿದ್ದರೆ ನೀನು ದಡದಲ್ಲಿ ನಿಂತಾಗ ನಿನಗೂ ಕಷ್ಟ, ನಿನ್ನ ಮುಖ ನೋಡಿ ನನಗೂ ಕಷ್ಟ.

ಫೋರ್ಟ್ ಕಾಲಿನ್ಸ್‌ನಿಂದ 14ನೇ ಹೆದ್ದಾರಿ ಹಿಡಿದು ಕಣಿವೆಯೊಳಗೆ ಹೋಗುವಾಗ ಕೆಳಭಾಗದಲ್ಲಿ 2012ರ ಹೈ ಪಾರ್ಕ್ ಕಾಡುಬೆಂಕಿಯ ಗುರುತು ಆಗಲೇ ಇತ್ತು, ಕಾರು ನಿಲ್ಲಿಸಿ ತೋರಿಸಿದ್ದೆ. ರಸ್ಟಿಕ್ ಅನ್ನುವ ಜಾಗ ದಾಟಿದ ಮೇಲೆ ಮಾತ್ರ ಎರಡೂ ಬದಿ ಲಾಡ್ಜ್‌ಪೋಲ್ ಪೈನ್ ಒತ್ತೊತ್ತಾಗಿ ನಿಂತಿದ್ದವು. "ಇಲ್ಲಿ ಬಿಸಿಲು ನೆಲಕ್ಕೇ ಬೀಳುವುದಿಲ್ಲವಲ್ಲೋ" ಅಂದಿದ್ದೆ ನೀನು. ಈಗ ಬೀಳುತ್ತದೆ. ಇಳಿಜಾರಿನ ಮೇಲೆ ಕಪ್ಪು ಕಾಂಡಗಳು ಹಲ್ಲು ಮುರಿದ ಬಾಚಣಿಗೆಯ ಹಾಗೆ ನಿಂತಿವೆ, ಅವುಗಳ ಸಂದಿಯಲ್ಲಿ ಆಚೆಯ ಏಣು, ಅದರಾಚೆಯ ಆಕಾಶ ಎಲ್ಲ ಕಾಣುತ್ತದೆ.

ಕ್ಯಾಮರಾನ್ ಪೀಕ್ ಬೆಂಕಿ ಹತ್ತಿದ್ದು 2020ರ ಆಗಸ್ಟ್ 13ಕ್ಕೆ. ಸೆಪ್ಟೆಂಬರ್ ಮೊದಲ ವಾರದ ಬಿಸಿಗಾಳಿಗೆ ಅದು ಎಂಥ ಓಟ ಓಡಿತೆಂದರೆ, ಫೋರ್ಟ್ ಕಾಲಿನ್ಸ್‌ನಲ್ಲಿ ನಡು ಮಧ್ಯಾಹ್ನ ಬೀದಿದೀಪ ಹತ್ತಿಕೊಂಡವು. ಆಕಾಶ ಇಟ್ಟಿಗೆ ಬಣ್ಣ. ಕಾರಿನ ಗಾಜಿನ ಮೇಲೆ ಬಿದ್ದ ಬೂದಿಯಲ್ಲಿ ಇಡೀ ಪೈನ್ ಸೂಜಿಗಳು ಆಕಾರ ಕೆಡದೆ ಬಂದಿದ್ದವು, ಬೆರಳು ತಾಗಿಸಿದರೆ ಪುಡಿ. ಮಾರನೆಯ ದಿನವೇ ಹಿಮ ಬಿತ್ತು! ಸದ್ಯ, ಮುಗಿಯಿತು ಅಂದುಕೊಂಡು ಮನೆಮಂದಿಯೆಲ್ಲ ನಿದ್ದೆ ಮಾಡಿದೆವು. ಮುಗಿದಿರಲಿಲ್ಲ. ಹಿಮದ ಅಡಿ ದರಗಿನಲ್ಲಿ, ಬೊಡ್ಡೆಗಳಲ್ಲಿ ಕೆಂಡ ಹಾಗೇ ಇತ್ತು. ಅಕ್ಟೋಬರ್ ಗಾಳಿಗೆ ಮತ್ತೆ ಎದ್ದಿತು. ಪೂರ್ತಿ ಹತೋಟಿಗೆ ಬಂತು ಅಂತ ಹೇಳಿದ್ದು ಡಿಸೆಂಬರ್ 2ಕ್ಕೆ. ಅಷ್ಟರಲ್ಲಿ 2,08,913 ಎಕರೆ ಹೋಗಿತ್ತು. ಕೊಲರಾಡೋದಲ್ಲಿ ಎರಡು ಲಕ್ಷ ಎಕರೆ ದಾಟಿದ ಮೊದಲ ಬೆಂಕಿ ಅದು.

ಆದರೆ ನೋಡು, ಹೊಳೆಗೆ ಪೆಟ್ಟು ಕೊಟ್ಟಿದ್ದು ಬೆಂಕಿಗಿಂತ ಹೆಚ್ಚಾಗಿ ಮಳೆ. ಬೆಂಕಿ ಉರಿಯುತ್ತಿದ್ದಾಗ ದೊಡ್ಡ ಮಡುಗಳಲ್ಲಿ ಮೀನು ಇದ್ದವು. ಪೈನ್ ಸೂಜಿ, ದರಗು ಉರಿಯುವಾಗ ಅದರಲ್ಲಿನ ಮೇಣದಂಥ ಅಂಶ ಆವಿಯಾಗಿ ಮಣ್ಣಿನೊಳಗೆ ಇಳಿದು ಒಂದು ಪದರವಾಗಿ ಕೂರುತ್ತದೆ. ಆಮೇಲೆ ಬಿದ್ದ ಮಳೆ ಆ ಮಣ್ಣಿಗೆ ಇಂಗುವುದಿಲ್ಲ. ಕೆಸುವಿನ ಎಲೆಯ ಮೇಲೆ ಬಿದ್ದ ಹಾಗೆ ಜಾರಿ, ಬೂದಿ, ಕಲ್ಲು, ಸುಟ್ಟ ಮರ ಎಲ್ಲವನ್ನೂ ಬಾಚಿಕೊಂಡು ಕೆಳಗಿಳಿಯುತ್ತದೆ. 2021ರ ಜುಲೈ 20ರ ಸಂಜೆ ಬ್ಲ್ಯಾಕ್ ಹಾಲೋ ಅನ್ನುವ ಸಣ್ಣ ಕಣಿವೆಯಿಂದ ಹಾಗೆ ಇಳಿದು ಬಂದದ್ದು ಮನೆಗಳನ್ನೇ ಎಳೆದುಕೊಂಡು ಹೋಯಿತು. ನಾಲ್ಕು ಜನ ತೀರಿಕೊಂಡರು. ನಾವು ಬೆಳಗಿನ ಕಾಫಿಗೆ ಕೂರುತ್ತಿದ್ದ ಬಂಡೆಯಿಂದ ಅದು ದೂರವೇನಲ್ಲ. ಆ ಜಾಗ ದಾಟುವಾಗ ಈಗಲೂ ನಾನು ರೇಡಿಯೋ ಆರಿಸುತ್ತೇನೆ.

ರಸ್ತೆ ತೆರೆದ ಮೇಲೆ ಹೋಗಿ ನೋಡಿದೆ. ನೀರು ಕಪ್ಪಗೆ, ಮಂದವಾಗಿ, ಡಾಂಬರು ಕದಡಿದ ಹಾಗಿತ್ತು. ದಡದ ಕೆಸರಿನಲ್ಲಿ ಒಂದು ಬ್ರೌನ್ ಟ್ರೌಟ್ ಸತ್ತು ಬಿದ್ದಿತ್ತು. ಕಿವಿರು ಎತ್ತಿ ನೋಡಿದರೆ ಒಳಗೆ ಕೆಂಪಿನ ಬದಲು ಬೂದಿಯ ಲೇಪ. ಆ ವರ್ಷ ರಾಡ್ ಮುಟ್ಟಲಿಲ್ಲ. ಹೆಲಿಕಾಪ್ಟರ್‌ಗಳು ಸುಟ್ಟ ಇಳಿಜಾರಿನ ಮೇಲೆ ಮರದ ಚೂರುಗಳನ್ನು ಸುರಿಯುತ್ತಿದ್ದವು. ಮಳೆಹನಿಯ ಹೊಡೆತ ತಡೆಯಲಿ, ಮಣ್ಣು ನಿಲ್ಲಲಿ ಅಂತ. ನಾನೂ ಎರಡು ಶನಿವಾರ ಸ್ವಯಂಸೇವಕರ ಜೊತೆ ಹೋಗಿ ಹಳ್ಳದ ಬದಿಗೆ ವಿಲ್ಲೋ ಕಡ್ಡಿ ನೆಟ್ಟು ಬಂದೆ.

ಈಗ ನಿನಗೆ ಹೇಳಲೇಬೇಕಾದ್ದು. ಮರುವರ್ಷ ವಸಂತದಲ್ಲಿ, ಹಿಮ ಕರಗಿ ಹೊಳೆ ಉಕ್ಕುವ ಮೊದಲು, ನಮ್ಮ ಬಂಡೆಯ ಕೆಳಗಿನ ಆಳವಿಲ್ಲದ ಜಾಗದಲ್ಲಿ ಮಂಡಿಯೂರಿ ಕಲ್ಲು ಮಗುಚುತ್ತಾ ಕೂತೆ. ಹೊಳೆಯ ಆರೋಗ್ಯ ತಿಳಿಯಬೇಕಾದರೆ ಮೀನು ಹುಡುಕಬಾರದು, ಕಲ್ಲಿನ ಅಡಿ ನೋಡಬೇಕು. ಮೊದಲು ನಾವು ಒಂದು ಕಲ್ಲು ಎತ್ತಿದರೆ ಮೇಫ್ಲೈ ಅನ್ನುವ ನೀರುಹುಳುವಿನ ಮರಿಗಳು ಚದುರಿ ಓಡುತ್ತಿದ್ದವು, ನೆನಪಿದೆಯಲ್ಲ? ಆ ದಿನ ಹತ್ತು ಕಲ್ಲು ಎತ್ತಿದೆ. ಜಿಡ್ಡು ಮಸಿ ಬಿಟ್ಟರೆ ಏನಿಲ್ಲ. ಕೈ ಮರಗಟ್ಟಿತು. ಹದಿನಾಲ್ಕನೆಯದೋ ಹದಿನೈದನೆಯದೋ ಕಲ್ಲಿನ ಮೂಲೆಗೆ ಅಕ್ಕಿಕಾಳಿಗಿಂತ ಸ್ವಲ್ಪ ಉದ್ದದ ಒಂದು ಕೊಳವೆ ಅಂಟಿಕೊಂಡಿತ್ತು. ಕ್ಯಾಡಿಸ್ ಹುಳುವಿನ ಗೂಡು. ಆ ಹುಳು ತನ್ನ ರೇಷ್ಮೆಯಿಂದ ಸುತ್ತಲಿನ ಮರಳುಕಾಳು, ಕಸ ಅಂಟಿಸಿಕೊಂಡು ಮೈಮೇಲೆ ಮನೆ ಕಟ್ಟುತ್ತದೆ ಅಂತ ನಿನಗೆ ಗೊತ್ತು. ಕಣ್ಣಿನ ಹತ್ತಿರ ಹಿಡಿದು ನೋಡಿದೆ. ಹೊಳೆಯುವ ಅಭ್ರಕದ ಚೂರುಗಳ ನಡುವೆ ಒಂದಿಷ್ಟು ಕಪ್ಪು ಚೂರು. ಉಗುರಿನಿಂದ ಮೆಲ್ಲಗೆ ಒತ್ತಿದರೆ ಉಗುರಿಗೆ ಮಸಿ ಹತ್ತಿತು. ಇದ್ದಿಲು! ಸುಟ್ಟ ಕಾಡಿನ ಇದ್ದಿಲನ್ನೇ ಜೋಡಿಸಿಕೊಂಡು ಗೂಡು ಕಟ್ಟಿಕೊಂಡಿತ್ತು. ಅದರ ತಲೆ ಹೊರಗೆ ಬಂತು, ಎರಡು ಕಾಲು ಆಡಿಸಿತು, ಒಳಗೆ ಹೋಯಿತು. ಕಲ್ಲನ್ನು ಇದ್ದ ಹಾಗೇ, ಅದೇ ಮಗ್ಗುಲಿಗೆ ಇಟ್ಟೆ. ಕಾರಿಗೆ ವಾಪಸು ಬಂದು ಅತ್ತೆ ಮಾರಾಯ, ನಿನ್ನ ಹತ್ತಿರ ಯಾಕೆ ಮುಚ್ಚಿಡಲಿ.

ಆಮೇಲೆ ವರ್ಷ ವರ್ಷವೂ ಹುಳುಗಳು ಹೆಚ್ಚಿವೆ. ಕೆಲವು ಜಾಗದಲ್ಲಿ ಬಿದ್ದ ಮರಗಳು ಹೊಳೆಗೆ ಅಡ್ಡ ಕೂತು ಹೊಸ ಮಡುಗಳಾಗಿವೆ, ಅಲ್ಲಿ ಟ್ರೌಟ್ ಬಂದು ಸೇರಿಕೊಂಡಿವೆ. ಇಳಿಜಾರಿನಲ್ಲಿ ಫೈರ್‌ವೀಡ್ ಗುಲಾಬಿ ಬಣ್ಣಕ್ಕೆ ಅರಳುತ್ತದೆ. ಆಸ್ಪೆನ್ ಬೇರಿನಿಂದಲೇ ಚಿಗುರಿ ಎದೆಮಟ್ಟ ಬಂದಿದೆ. ಲಾಡ್ಜ್‌ಪೋಲ್ ಕಾಯಿಗಳನ್ನು ಮುಚ್ಚಿದ್ದ ಅಂಟು ಬೆಂಕಿಯ ಶಾಖಕ್ಕೆ ಕರಗಿ ಬೀಜ ಉದುರಿದ್ದರಿಂದ, ಕಪ್ಪು ಕಾಂಡಗಳ ಬುಡದಲ್ಲಿ ಗೇಣುದ್ದದ ಸಸಿಗಳು. ಎಲ್ಲ ಕಡೆಯೂ ಹೀಗೆ ಅಂತಲ್ಲ. ಬೆಂಕಿ ತೀರಾ ಬಿಸಿಯಾಗಿ ಹಾದುಹೋದ ಕಡೆ ಇನ್ನೂ ಬರಿ ಮಣ್ಣು.

ಸರಿ, ಜುಲೈ ಯಾಕೆ ಬೇಡ? ಒಂದು, ಮಧ್ಯಾಹ್ನದ ಗುಡುಗು ಮಳೆಯ ಕಾಲ ಅದು. ಸುಟ್ಟ ಕಣಿವೆಯಲ್ಲಿ ಅರ್ಧ ಗಂಟೆಯ ಜೋರು ಮಳೆ ಸಾಕು. ನಮ್ಮ ತಲೆಯ ಮೇಲೆ ಬಿಸಿಲಿದ್ದರೂ ಮೇಲಿನ ಹಳ್ಳದಲ್ಲಿ ಸುರಿದಿರಬಹುದು. ನೀರಿನ ಬಣ್ಣ ಬದಲಾದ ಕೂಡಲೇ ರಾಡು ಗೀಡು ಅಲ್ಲೇ ಬಿಟ್ಟು ದಿಣ್ಣೆ ಹತ್ತಬೇಕು. ಕಣಿವೆಯ ಬಹುಪಾಲಿನಲ್ಲಿ ಫೋನು ಸಿಗುವುದಿಲ್ಲ, ಎಚ್ಚರಿಕೆ ಸಂದೇಶ ಬರುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ.

ಇನ್ನೊಂದು ಕಾರಣ ನಿನಗೆ ಯಾವತ್ತೂ ಹೇಳಿರಲಿಲ್ಲ. ನೀನು ಬಂದು ಹೋದ ಮರುವರ್ಷ, ಆಗಸ್ಟ್‌ನ ಒಂದು ಮಧ್ಯಾಹ್ನ, ಕೆಳಗಿನ ಕಣಿವೆಯಲ್ಲಿ ಒಬ್ಬನೇ ನಿಂತಿದ್ದೆ. ನೀರು ಕಮ್ಮಿ, ಕಾಲಿಗೆ ತಣ್ಣಗೇ ಅನಿಸುತ್ತಿರಲಿಲ್ಲ. ಗಾಳಕ್ಕೆ ಮಿಡತೆಯ ಹಾಗೆ ಕಟ್ಟಿದ ನಕಲಿ ಹುಳುವಿಗೆ, ಅಂದರೆ ಹಾಪರ್ ಫ್ಲೈಗೆ, ದೊಡ್ಡ ಬ್ರೌನ್ ಒಂದು ಬಾಯಿ ಹಾಕಿತು. ತುದಿಯ ದಾರ ತೀರಾ ಸಣ್ಣದು, ತುಂಡಾದೀತು ಅಂತ ತುಂಬ ಹೊತ್ತು ಆಡಿಸಿದೆ. ಬಲೆಗೆ ತೆಗೆದುಕೊಂಡು, ಫೋಟೋ ತೆಗೆದು, ಹರಿವಿಗೆ ಮುಖ ಮಾಡಿ ಹಿಡಿದೆ. ಕಿವಿರು ನಿಧಾನಕ್ಕೆ ತೆರೆದು ಮುಚ್ಚುತ್ತಿತ್ತು. ಬಿಟ್ಟೆ. ಒಂದು ಮಾರು ಹೋಗಿ ಮಗುಚಿ ಬಿಳಿ ಹೊಟ್ಟೆ ತೋರಿಸಿತು. ಮತ್ತೆ ಹಿಡಿದೆ, ಮತ್ತೆ ಬಿಟ್ಟೆ. ಇಪ್ಪತ್ತು ನಿಮಿಷ. ಕೈಯಲ್ಲೇ ಸತ್ತಿತು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಮ್ಮಿ, ಒದ್ದಾಡಿ ದಣಿದ ಮೀನಿಗೆ ಬೇಕಾಗುವುದು ಜಾಸ್ತಿ. ಇದು ನನಗೆ ಗೊತ್ತಿತ್ತು, ಗೊತ್ತಿದ್ದೂ ನಿಂತಿದ್ದೆ. ಅದೇ ನನಗೆ ಇವತ್ತಿಗೂ ನೋಯುವುದು.

ಅವತ್ತಿನಿಂದ ಜೇಬಿನಲ್ಲಿ ಥರ್ಮಾಮೀಟರ್ ಇರುತ್ತದೆ. ನೀರು 20 ಡಿಗ್ರಿ, ಅಂದರೆ ಇಲ್ಲಿನವರ ಲೆಕ್ಕದಲ್ಲಿ 68 ಡಿಗ್ರಿ ಫ್ಯಾರನ್‌ಹೀಟ್ ತಲುಪುವ ಮೊದಲೇ ಲೈನು ಸುತ್ತಿಬಿಡುತ್ತೇನೆ. ಮೊಂಟಾನಾದಲ್ಲಿ ಹೊಳೆ ಬಿಸಿಯಾದಾಗ ಮಧ್ಯಾಹ್ನ ಎರಡರಿಂದ ಮಧ್ಯರಾತ್ರಿಯವರೆಗೆ ಮೀನು ಹಿಡಿಯುವುದನ್ನೇ ನಿಲ್ಲಿಸುವ ನಿಯಮವಿದೆ. ಒಳ್ಳೆಯ ನಿಯಮ. ನಮ್ಮ ಹೊಳೆಗೆ ಈಗ ನೆರಳೂ ಕಮ್ಮಿ. ಸುಟ್ಟ ಹಳ್ಳಗಳಿಂದ ಬರುವ ನೀರು ಬೇಗ ಕಾಯುತ್ತದೆ. ಹೀಗೆಲ್ಲ ಇರುವಾಗ ಬದುಕಿ ಉಳಿದ ಮೀನನ್ನು ಜುಲೈ ಮಧ್ಯಾಹ್ನ ದಣಿಸುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ.

ಅದಕ್ಕೇ ಸೆಪ್ಟೆಂಬರ್ ಕೊನೆಗೆ ಬಾ. ನೀರು ತಿಳಿಯಾಗಿ, ತಣ್ಣಗೆ ಇಳಿದಿರುತ್ತದೆ. ಆಸ್ಪೆನ್ ಹಳದಿಗೆ ತಿರುಗಿರುತ್ತದೆ, ರಾತ್ರಿ ಎಲ್ಕ್ ಗಂಡುಗಳ ಕೂಗು ಟೆಂಟಿನವರೆಗೆ ಕೇಳುತ್ತದೆ. ಮೋಡ ಕವಿದ ಮಧ್ಯಾಹ್ನ ಬ್ಲೂ ವಿಂಗ್ ಆಲಿವ್ ಹುಳುಗಳು ಏಳುತ್ತವೆ, 20ನೇ ನಂಬರಿನ ಸಣ್ಣ ಫ್ಲೈ ಕಟ್ಟಿ ಇಟ್ಟಿರುತ್ತೇನೆ. ಬ್ರೌನ್‌ಗಳು ಮೊಟ್ಟೆಯಿಡಲು ಅಣಿಯಾಗುವ ಹೊತ್ತು. ಹೊಳೆಯ ತಳದಲ್ಲಿ ಚೊಕ್ಕಟವಾಗಿ ಗುಡಿಸಿಟ್ಟಂತೆ ಜಲ್ಲಿ ಕಂಡರೆ ಅದರ ಮೇಲೆ ಕಾಲಿಡಬೇಡ.

ಸೆಪ್ಟೆಂಬರ್‌ನಲ್ಲಿ ಬೆಂಕಿ ಬರುವುದೇ ಇಲ್ಲ ಅಂತಲ್ಲ, ಮೇಲೆ ಬರೆದೆನಲ್ಲ. ಕಾರಿನಲ್ಲಿ ನೀರು, ಬಟ್ಟೆ, ಕಾಗದಪತ್ರದ ಚೀಲ ಯಾವಾಗಲೂ ಇರುತ್ತದೆ. ಕಾರು ನಿಲ್ಲಿಸುವುದು ರಸ್ತೆಗೆ ಮುಖ ಮಾಡಿಯೇ, ಒಣಹುಲ್ಲಿನ ಮೇಲಂತೂ ನಿಲ್ಲಿಸುವುದಿಲ್ಲ. ಟೆಂಟು ಹಾಕುವ ಜಾಗ ನಾನೇ ಆರಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಸುಟ್ಟು ನಿಂತ ಮರ ಗಾಳಿಯಿಲ್ಲದ ರಾತ್ರಿಯೂ ಬೀಳುತ್ತದೆ.

ನಿನಗೆ ಇಷ್ಟವಾಗದ ಮಾತು ಒಂದಿದೆ. ಈ ಸಲ ಕ್ಯಾಂಪ್‌ಫೈರ್ ಇಲ್ಲ. ಅವತ್ತು ನಿಷೇಧ ಇರಲಿ, ಇಲ್ಲದಿರಲಿ. ನಿನಗೆ ಆ ಬೆಂಕಿಯ ಸುತ್ತ ಕೂತು ಹರಟುವುದು ಎಷ್ಟು ಪ್ರೀತಿ ಅಂತ ಗೊತ್ತು. ಆದರೆ ಕ್ಯಾಮರಾನ್ ಪೀಕ್ ಬೆಂಕಿ ಸಿಡಿಲಿಗೆ ಹತ್ತಿದ್ದಲ್ಲ, ಮನುಷ್ಯರಿಂದ ಹತ್ತಿದ್ದು ಅಂತಲೇ ಹೇಳುತ್ತಾರೆ. ಗ್ಯಾಸ್ ಸ್ಟೋವ್ ತರುತ್ತೇನೆ, ಕಾಫಿ ಅದರಲ್ಲೇ. ಕತ್ತಲಲ್ಲಿ ಕೂತು ಹರಟಿದರಾಯಿತು.

ವಯೋಮಿಂಗ್ ಹೊಳೆಗಳು ಚೆನ್ನಾಗಿವೆ, ಇಲ್ಲ ಅನ್ನುವುದಿಲ್ಲ. ಇನ್ನೊಂದು ವರ್ಷ ಹೋಗೋಣ. ಹೊಳೆ ಚೆನ್ನಾಗಿದ್ದಾಗ ಅಷ್ಟು ವರ್ಷ ಬಂದು, ಅದಕ್ಕೆ ಹುಷಾರಿಲ್ಲದಾಗ ಬೇರೆ ಕಡೆ ಹೋಗುವುದು ನನ್ನಿಂದ ಆಗಲಿಲ್ಲ. ನಿನಗೂ ಬಂದು ನೋಡಿದ ಮೇಲೆ ಹಾಗೇ ಅನಿಸುತ್ತದೆ ಅಂತ ನನ್ನ ನಂಬಿಕೆ. ಆ ಕಲ್ಲು ಎಲ್ಲಿದೆ ಅಂತ ಚೆನ್ನಾಗಿ ನೆನಪಿದೆ, ಮೊದಲ ದಿನ ಬೆಳಿಗ್ಗೆ ರಾಡ್ ಜೋಡಿಸುವ ಮೊದಲೇ ತೋರಿಸುತ್ತೇನೆ.

ರಜೆ ಬದಲಾಯಿಸಲು ಆಗುತ್ತದೋ ಇಲ್ಲವೋ, ಬೇಗ ಬರಿ.

ಇಂತಿ ನಿನ್ನ,
ಗೆಳೆಯ

ಬರೆಯಲು ಮರೆತೆ: ನೀರಿಗಿಳಿಯುವ ವೇಡಿಂಗ್ ಬೂಟನ್ನು ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಿ ತಾ. ಬೇರೆ ನೀರಿನ ಬಸವನಹುಳು, ಪಾಚಿ ಯಾವುದೂ ಇಲ್ಲಿಗೆ ಬರುವುದು ಬೇಡ. ಮುಳ್ಳಿಲ್ಲದ ಗಾಳಗಳು ನನ್ನ ಹತ್ತಿರ ಬೇಕಾದಷ್ಟಿವೆ.