ಚಾಲೂ ಪಂಪಿನ ಪ್ಲಗ್ ಮುಟ್ಟಬ್ಯಾಡ

ಚಿ. ಬಸವರಾಜಗ ಕಾಕಾನ ಆಶೀರ್ವಾದ.

ನಿನ್ನ ಪತ್ರ ಮುಟ್ಟೇತಿ. ಮನಿ ಸುದ್ದಿ ನಿಮ್ಮವ್ವ ಫೋನಿನ್ಯಾಗ ಹೇಳಿರತಾಳ, ಅದನ್ನ ಬರಿಯೂದಿಲ್ಲ. ಕಡೀಕ ನೀ ಹಗುರಾಗಿ ಬರದ ಒಂದ ಮಾತು ನನಗ ನಿದ್ದಿ ಕೊಟ್ಟಿಲ್ಲ. ಪ್ಯಾಕಿಂಗ್ ಲೈನ್ ನಿಂದರಬಾರದಂತ, ಪ್ಯಾಕೀಟಿನ ಗಾಳಿ ಎಳಿಯೂ ವ್ಯಾಕ್ಯೂಮ್ ಪಂಪ್ ಚಾಲೂ ಇದ್ದಾಗನ ಎಣ್ಣಿ ಡಬ್ಬೀ ಪ್ಲಗ್, ಅಂದ್ರ ಅದರ ಮುಚ್ಚಳ, ಬಿಚ್ಚಿ ಎಣ್ಣಿ ಹಾಕಿದೆ ಅಂತ ಬರದಿ. ಮ್ಯಾಲೆ "ಏನೂ ಆಗಲಿಲ್ಲ ಕಾಕಾ" ಅಂತ ಬ್ಯಾರೆ.

ಆ ಏನೂ ಆಗಲಿಲ್ಲ ಅನ್ನೂದಕ್ಕನ ನಾ ಅಂಜೀನಿ. ಇವತ್ತ ಆಗಲಿಲ್ಲ ಅಂದ್ರ ನಾಳೆ ಮತ್ತ ಬಿಚ್ಚತೀ.

ವ್ಯಾಕ್ಯೂಮ್ ಪಂಪ್ ಅಂದ್ರ ಒಳಗೆಲ್ಲಾ ಗಾಳಿ ಎಳತೈತಿ ಅಂತ ಹೊಸಬರು ತಿಳಕೊಂಡಿರತಾರ. ಎಳಿಯೂದು ಇನ್‌ಲೆಟ್ ಕಡಿ ಅಷ್ಟ. ಎಣ್ಣಿ ನಿಂತಿರೂ ಡಬ್ಬಿ ಗಾಳಿ ಹೊರಗ ಬಿಡೂ ಎಕ್ಸಾಸ್ಟ್ ಕಡಿ ಇರತೈತಿ. ಒಳಗ ತಿರುಗೂ ಅಲಗು, ಅಂದ್ರ ವೇನ್, ಒತ್ತಿ ಬಿಟ್ಟ ಗಾಳಿ ಅದರೊಳಗಿಂದನ ಫಿಲ್ಟರ್ ದಾಟಿ ಹೊರಗ ಹೋಗಬೇಕು. ಫಿಲ್ಟರ್ ಕಟ್ಟಿಕೊಂಡಿತ್ತಂದ್ರ ಒಳಗ ಒತ್ತಡ ಏರತೈತಿ. ಎಣ್ಣಿನೂ 70–80 ಡಿಗ್ರಿ ಕಾದಿರತೈತಿ. ಪ್ಲಗ್ಗಿನ ಕಡೀ ಸುತ್ತು ಸಡ್ಲಾತು ಅಂದ್ರ ಆ ಕಾದ ಎಣ್ಣಿ ನಿನ್ನ ಮಾರಿಗೇ ಹಾರತೈತಿ, ತಮ್ಮಾ.

ನಾ ಬೆಳಗಾವಿ ಉದ್ಯಮಬಾಗದಾಗ ಕೆಲಸಕ್ಕಿದ್ದಾಗ ಕಿತ್ತೂರ ಕಡ್ಯಾಂವ ಒಬ್ಬ ಹಿರೇ ಫಿಟ್ಟರ್ ಇದ್ದ. ಕುತ್ತಿಗಿ ಎಡಕ್ಕ ಚರ್ಮ ಸುಟ್ಟು ಬಿಗದು ಮಿಂಚತಿತ್ತು. ಕಾಲರ್ ತಾಗಿದ್ರ ಉರಿತೈತಿ ಅಂತ ಮ್ಯಾಲಿನ ಗುಂಡಿ ಯಾವತ್ತೂ ಹಾಕತಿದ್ದಿಲ್ಲ. ಆಗಿದ್ದು ಇದ ಕೆಲಸದಾಗ. ಚಸ್ಮಾ ಇತ್ತಂತ ಕಣ್ಣು ಉಳದ್ವು. ವೇನ್ ಸವದಾಗ ಪಂಪಿನ ಸಪ್ಪಳ ಹೆಂಗ ಬದಲಾಗತೈತಿ ಅಂತ ನನಗ ಕಿವಿಯಿಂದ ಕಲಿಸಿದಾಂವ ಅಂವ. ಊರಿಗೆ ಹೋದ ಮ್ಯಾಲೆ ಜಾತ್ರಿಗೆ ಬಾ ಅಂತ ಹೇಳಿ ಕಳಸತಿದ್ದ. ಈ ವರ್ಷ, ಮುಂದಿನ ವರ್ಷ ಅಂತ ದಿನ ದೂಡಿದೆ. ಹೋಗೂದರೊಳಗ ಅಂವನ ಇಲ್ಲದಂಗಾದ. ಅದು ಇನ್ನೂ ಮನಸಿನ್ಯಾಗ ಕೊರೀತೈತಿ. ನಿನ್ನ ಪತ್ರ ಓದಿದಾಗ ಆ ಕುತ್ತಿಗಿನ ಕಣ್ಣ ಮುಂದ ಬಂತು.

ಡಿಪ್ಲೊಮಾ ಮಾಡಿದಾಂವ ನೀ, ನಾ ಹೇಳಿಕೊಡೂದು ಏನಿಲ್ಲ. ಆದ್ರೂ ಕೇಳು. ನಿಲ್ಲಸು, ಕರೆಂಟ್ ಕಡಿಯೂ ಐಸೊಲೇಟರ್ ಸ್ವಿಚ್ ಆಫ್ ಮಾಡಿ ಕೀಲಿ ಹಾಕು, ಕೀಲಿಕೈ ನಿನ್ನ ಕಿಸೇದಾಗ ಇರಲಿ. ಒಂದಿಷ್ಟು ಆರಲಿ, ಆಮ್ಯಾಲೆ ಪ್ಲಗ್. ಎಣ್ಣಿ ಮಟ್ಟ ತೋರಸೂ ಗ್ಲಾಸಿನ್ಯಾಗ ಎರಡು ಗುರುತಿನ ನಡಕ ಎಣ್ಣಿ ಇದ್ರ ಸಾಕು, ಹೆಚ್ಚಿಗಿ ತುಂಬಿದ್ರ ಎಕ್ಸಾಸ್ಟಿನಿಂದ ಉಗುಳತೈತಿ.

ಇನ್ನೊಂದು. ವಾರಕ್ಕೊಮ್ಮೆ ಎಣ್ಣಿ ಹಾಕಬೇಕಾಗೇತಿ ಅಂದ್ರ, ಆ ಎಣ್ಣಿ ಎಲ್ಲಿ ಹೊಂಟೈತಿ ಅಂತ ಯಾರರ ನೋಡೀರೇನು? ಎಕ್ಸಾಸ್ಟಿನ್ಯಾಗ ಹೊಗಿ ಬರತೈತೇನು, ಮೋಟರ್ ಕರೆಂಟ್ (ಆಂಪ್ಸ್) ಹೆಚ್ಚಿಗಿ ತೊಗೊತೈತೇನು ನೋಡು. ಬಂದ್ರ ಎಕ್ಸಾಸ್ಟ್ ಫಿಲ್ಟರ್ ಕಟ್ಟೇತಿ, ಇಲ್ಲಾ ಹರದೈತಿ. ಅದನ್ನ ಬದಲಿ ಮಾಡಿದ್ರ ಪ್ಲಗ್ ಬಿಚ್ಚೂ ಪ್ರಸಂಗನ ಕಡಿಮಿ ಆಗತೈತಿ. ನನಗ ಬೇಕಾಗಿದ್ದೂ ಅದ.

ಎಣ್ಣಿ ಮಜ್ಜಿಗಿ ಹಂಗ ಬೆಳ್ಳಗಾಗೇತಿ ಅಂತನೂ ಬರದಿ. ಪನೀರಿನಂಥ ಹಸಿ ಮಾಲಿನ ನೀರಿನ ಆವಿ ಸೇರೇತಿ ಅದರಾಗ. ಇನ್‌ಲೆಟ್ ಮುಚ್ಚಿ, ಗ್ಯಾಸ್ ಬ್ಯಾಲಸ್ಟ್ ಅನ್ನೂ ಸಣ್ಣ ಗಾಳಿ ವಾಲ್ವ್ ತೆರದು ಅರ್ಧ ತಾಸು ಓಡಸು. ಹೊರಗಿನ ಗಾಳಿ ಒಂದೀಟು ಒಳಗ ಹೊಕ್ಕು, ಆವಿ ನೀರಾಗೂದರೊಳಗ ಹೊರಗ ದಬ್ಬತೈತಿ. ತಿಳಿ ಆಗಲಿಲ್ಲಂದ್ರ ಎಲ್ಲಾ ಎಣ್ಣಿ ಚೆಲ್ಲಿ ಹೊಸಾದು ಹಾಕಬೇಕು. ಅದೂ ಪಂಪ್ ನಿಲ್ಲಿಸಿ, ಎಣ್ಣಿ ಉಗುರು ಬೆಚ್ಚಗಿದ್ದಾಗ. ವ್ಯಾಕ್ಯೂಮ್ ಪಂಪಿನ ಎಣ್ಣಿನ ಹಾಕು, ಸ್ಟೋರಿನಾಗ ಇಲ್ಲಂತ ಎಂಜಿನ್ ಎಣ್ಣಿ ಸುರೀಬ್ಯಾಡ.

ಲೈನ್ ನಿಲ್ಲಸಿದ್ರ ಸೂಪರ್ವೈಸರ್ ಬೈತಾರ ಅಂತ ನಿನ್ನ ಅಂಜಿಕಿ. ಬೈಲಿ. ಶಿಫ್ಟ್ ಬದಲಾಗೂ ಹೊತ್ತಿನ್ಯಾಗ ಹತ್ತು ಮಿನಿಟ್ ಕೊಡ್ರಿ ಸಾಹೇಬ್ರ ಅಂತ ಮದಲ ಕೇಳಿಟ್ಟುಕೋ. ಕೊಡಲಿಲ್ಲಂದ್ರ ಎಣ್ಣಿ ಹಾಕಲಿಲ್ಲಂತ ಪುಸ್ತಕದಾಗ ಬರದು ಸಹಿ ಮಾಡು, ಚಾಲೂ ಪಂಪಿಗೆ ಮಾತ್ರ ಕೈ ಹಚ್ಚಬ್ಯಾಡ. ಪಂಪ್ ಕೆಟ್ಟರ ಮಾಲಕರು ಹೊಸಾದು ತರತಾರ.

ಈ ಪತ್ರ ಮುಟ್ಟಿದ ದಿನಾನ ಒಂದು ಸಾಲು ಬರದು ಕಳಸು, ನಿಲ್ಲಿಸೇ ಹಾಕತೀನಿ ಅಂತ.

ನಿನ್ನ ಕಾಕಾ,
ಬೈಲಹೊಂಗಲ