ಬೆಳ್ಳಂದೂರಿನ ನೊರೆ, ನಿಮ್ಮೂರಿನ ಕೆರೆ

ಕೋಲಾರ

ಪ್ರೀತಿಯ ತಮ್ಮಾ,

ನಿಮ್ಮೂರ ಕೆರೆ ಬಗ್ಗೆ ಬರೆದ ನಿನ್ನ ಹಸ್ತಪ್ರತಿ ಓದಿ ಮುಗಿಸಿದೆ. 'ಅಕ್ಕ' ಅಂತ ಬರೆದಿದ್ದೀಯ. ನಿನ್ನ ಅಜ್ಜಿಯ ವಯಸ್ಸು ನನಗೆ. ಇರಲಿ, ಹೋರಾಟ ಅಂದ ಮೇಲೆ ಎಲ್ಲರೂ ಅಕ್ಕಂದಿರೇ.

ನೀನು ಕೇಳಿದ ಪ್ರಶ್ನೆಗಳಲ್ಲಿ ಅರ್ಧಕ್ಕೆ ನಾನು ಉತ್ತರ ಕೊಡಲ್ಲ. ಅಧ್ಯಾಯ ಎಷ್ಟು ಉದ್ದ ಇರಬೇಕು, ಶುರು ಹೇಗಿರಬೇಕು, ಪ್ರಕಾಶಕರನ್ನು ಹೇಗೆ ಹಿಡಿಯೋದು, ಇವೆಲ್ಲ ಬರೀತಾ ಬರೀತಾ ಗೊತ್ತಾಗುತ್ತವೆ, ಇಲ್ಲವೇ ಕೊನೆವರೆಗೂ ಗೊತ್ತಾಗೋದೇ ಇಲ್ಲ. ನಿನ್ನ ಕನ್ನಡ ಚೆನ್ನಾಗಿದೆ. ಶ್ರೀನಿವಾಸಪುರದ ಕಡೆಯ ಮಾತು ನುಗ್ಗಿದ ಜಾಗದಲ್ಲೆಲ್ಲ ಇನ್ನೂ ಚೆನ್ನಾಗಿದೆ. ಅದನ್ನು ಯಾರು ಹೇಳಿದರೂ ತಿದ್ದಬೇಡ.

ಹಸ್ತಪ್ರತಿಗಿಂತ ನನ್ನನ್ನು ಕಾಡಿದ್ದು ಜೊತೆಗಿಟ್ಟ ಕಾಗದ. ನಿಮ್ಮೂರ ಕೆರೆ ಬಗ್ಗೆ ಹಾಕಿದ ಪೋಸ್ಟ್ ಎಲ್ಲ ಕಡೆ ಓಡಾಡಿತು, ಜನ ಹೊಗಳಿದರು, ಬೆಂಗಳೂರಿಂದೆಲ್ಲ ಫೋನ್ ಬಂತು. ಆಮೇಲೆ ಯಾರೋ ಒಬ್ಬ, ಆ ನೊರೆಯ ಫೋಟೊ ನಿಮ್ಮ ಕೆರೆಯದಲ್ಲ, ಬೆಂಗಳೂರಿನ ಬೆಳ್ಳಂದೂರು ಕೆರೆಯದು ಅಂತ ತೋರಿಸಿಬಿಟ್ಟ. ಗೆಳೆಯರು "ವಿಷಯ ಮುಖ್ಯ ಕಣೋ, ಫೋಟೊ ಯಾವುದಾದರೇನು" ಅಂದರು. ಹಂಚಿಕೊಂಡವರಲ್ಲಿ ಒಬ್ಬರೂ ಗ್ರಾಮಸಭೆಗೆ ಬರಲಿಲ್ಲ. ಈಗ ಬರೆಯೋದನ್ನೇ ಬಿಡ್ತೀನಿ ಅಂತೀಯ.

ಬಿಡೋದಾದರೆ ಬಿಡು, ಯಾರೂ ಅಳಲ್ಲ. ಆದರೆ ಬಿಡೋಕೆ ಇದು ಕಾರಣ ಅಲ್ಲ. ಎಷ್ಟು ಶೇರ್ ಆಯಿತು ಅಂತ ಪದೇ ಪದೇ ಬರೆದಿದ್ದೀಯ. ಕೆರೆ ನೀರು ಆವತ್ತು ಯಾವ ಬಣ್ಣ ಇತ್ತು ಅಂತ ಇಡೀ ಪುಸ್ತಕದಲ್ಲಿ ಒಂದು ಕಡೆಯೂ ಇಲ್ಲ. ನನಗೆ ಸಿಟ್ಟು ಬಂದಿದ್ದು ಅಲ್ಲಿ.

ನಿನಗೆ ಒಬ್ಬ ಹಳೇ ಅಮೆರಿಕನ್ ಬಗ್ಗೆ ಹೇಳಬೇಕು. ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್, 1839ರಲ್ಲಿ ಹುಟ್ಟಿ 1914ರಲ್ಲಿ ತೀರಿಕೊಂಡವನು. ತತ್ವಜ್ಞಾನಿ ಅಂತ ಹೆಸರು, ಆದರೆ ಹೊಟ್ಟೆಪಾಡಿಗೆ 30 ವರ್ಷ ಅಲ್ಲಿನ ಸರ್ಕಾರದ ಸರ್ವೆ ಕಚೇರಿಯಲ್ಲಿ ಅಳತೆ ಕೆಲಸ ಮಾಡಿದವನು. ನನಗೆ ಅವನು ಇಷ್ಟವಾಗೋದು ಅದಕ್ಕೇ. ಗುರುತುಗಳು ನಮ್ಮ ತಲೆಯೊಳಗೆ ಹೇಗೆ ಕೆಲಸ ಮಾಡುತ್ತವೆ ಅಂತ ಜೀವನವಿಡೀ ಯೋಚಿಸಿದ. ಕೆಲವು ಗುರುತು ಬರೀ ಹೋಲಿಕೆಯಿಂದ ನಡೆಯುತ್ತವೆ, ಗೋಡೆ ಮೇಲಿನ ಹುಲಿಯ ಚಿತ್ರದ ಹಾಗೆ. ಕೆಲವು ನಾವು ನಾವೇ ಒಪ್ಪಿಕೊಂಡಿದ್ದರಿಂದ ನಡೆಯುತ್ತವೆ, ಬಾವುಟ, ಘೋಷಣೆ, ನೀವು ಹಾಕೋ ಹ್ಯಾಷ್‌ಟ್ಯಾಗ್. ಇನ್ನು ಕೆಲವು ಇರೋದು ಆ ವಸ್ತುವೇ ಅವನ್ನು ಹುಟ್ಟಿಸಿದ್ದರಿಂದ. ಹೊಗೆ ಕಂಡರೆ ಬೆಂಕಿ ಇದೆ ಅನ್ನೋದು ನಮ್ಮ ತರ್ಕಶಾಸ್ತ್ರದವರಿಗೆ ಅವನಿಗಿಂತ ಎಷ್ಟೋ ಮೊದಲೇ ಗೊತ್ತಿತ್ತು, ಬೆಟ್ಟದ ಮೇಲೆ ಹೊಗೆ ನೋಡಿ ಬೆಂಕಿ ಊಹಿಸೋದು ಅವರ ಮೊದಲ ಪಾಠವೇ. 2017ರಲ್ಲಿ ಬೆಳ್ಳಂದೂರು ಕೆರೆಯ ಮೇಲೇ ಹೊಗೆ ಎದ್ದಾಗ ಆ ಪಂಡಿತರು ಇರಬೇಕಿತ್ತು.

ಫೋಟೊ ಅನ್ನೋದು ಹೋಲಿಕೆಯ ಗುರುತಿಗೂ ವಸ್ತುವೇ ಹುಟ್ಟಿಸಿದ ಗುರುತಿಗೂ, ಎರಡಕ್ಕೂ ಸೇರಿದ್ದು. ಹೋಲುತ್ತದೆ, ಜೊತೆಗೆ ಆ ಜಾಗದ ಬೆಳಕೇ ಅದನ್ನು ಮೂಡಿಸಿರುತ್ತದೆ. ನೋಡಿದವರು ನಂಬೋದು ಎರಡನೆಯದಕ್ಕಾಗಿ. 'ಇದು ಅಲ್ಲಿತ್ತು' ಅನ್ನೋ ಕಾರಣಕ್ಕೆ. ಬೆಳ್ಳಂದೂರಿನ ನೊರೆಯನ್ನು ನಿಮ್ಮ ಕೆರೆ ಅಂತ ಹಾಕಿದಾಗ ನೀನು ಹೋಲಿಕೆಯನ್ನು ಸಾಕ್ಷಿ ಅಂತ ಮಾರಿದೆ.

"ಬೆಳ್ಳಂದೂರಿನ ಕಡೆಯ ನೀರೇ ತಾನೇ ಅಕ್ಕ ನಮಗೆ ಬರೋದು" ಅಂತ ಕೇಳಿದ್ದೀಯ. ಜಾಣತನದ ಮಾತು, ಆದರೆ ಇಡೀ ಜಗಳ ಇರೋದೇ ಅಲ್ಲಿ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೋಲಾರದ ಕೆರೆಗಳಿಗೆ ಪಂಪ್ ಮಾಡೋದು ಬೆಳ್ಳಂದೂರು ಕೆರೆಯ ನೀರನ್ನಲ್ಲ, ಕೋರಮಂಗಲ ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಘಟಕಗಳಲ್ಲಿ ಎರಡು ಹಂತ ಶುದ್ಧ ಮಾಡಿ ಕಳಿಸೋದನ್ನು. ಮೂರನೇ ಹಂತದ ಶುದ್ಧೀಕರಣ ಬೇಕು ಅನ್ನೋದು ನಮ್ಮವರ ಬೇಡಿಕೆ. ನೀನು ಬೆಳ್ಳಂದೂರು ತೋರಿಸಿದರೆ ಅಧಿಕಾರಿ ಒಂದೇ ಸಾಲಲ್ಲಿ "ಇದು ಕೋಲಾರದ್ದಲ್ಲ" ಅಂತ ಬರೆದು ಮನೆಗೆ ಹೋಗ್ತಾನೆ. ಅವನು ಹೇಳಿದ್ದು ನಿಜವೂ ಹೌದು. ಮೂರನೇ ಹಂತದ ಮಾತು ಅಲ್ಲೇ ಸತ್ತುಹೋಗುತ್ತದೆ. ನಿನ್ನ ಪೋಸ್ಟ್‌ನಲ್ಲಿ ಆ ಮೂರನೇ ಹಂತ ಅನ್ನೋ ಮಾತೇ ಇರಲಿಲ್ಲ ಅನ್ನೋದನ್ನೂ ಗಮನಿಸಿದೆ.

ನಿಜವಾದ ನೊರೆ ನಮ್ಮಲ್ಲೇ ಬಂದಿತ್ತಲ್ಲಪ್ಪಾ! 2018ರಲ್ಲಿ ನೀರು ಮೊದಲು ಬಂದಿದ್ದು ಲಕ್ಷ್ಮೀಸಾಗರ ಕೆರೆಗೆ. ಜುಲೈನಲ್ಲಿ ಅಲ್ಲಿ ನೊರೆ ಎದ್ದಿತು, ಜನ ಫೋನ್‌ನಲ್ಲಿ ಹಿಡಿದರು, ಹೈಕೋರ್ಟ್ ನೀರು ಹರಿಸೋದಕ್ಕೆ ತಡೆ ಕೊಟ್ಟಿತು. ಆಮೇಲೆ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು, ನೀರು ಮತ್ತೆ ಹರಿಯಿತು, ಅದೆಲ್ಲ ನಿನಗೆ ಗೊತ್ತು. ಆ ವಿಡಿಯೊಗಳು ಯಾರ ಕಣ್ಣಿಗೂ ಚೆಂದ ಇರಲಿಲ್ಲ. ಬೆಳ್ಳಂದೂರಿನ ನೊರೆಯಷ್ಟು ಎತ್ತರವೂ ಇರಲಿಲ್ಲ. ಆದರೆ ಆ ಕೆರೆಯಲ್ಲಿ ಆ ದಿನ ಇತ್ತು. ತೂಕ ಬಂದಿದ್ದು ಅದರಿಂದ.

ಅದೇ ಜುಲೈನಲ್ಲಿ ಇನ್ನೊಂದಾಯಿತು. ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಅಂತ ಹೈದರಾಬಾದಿನ ಒಬ್ಬ ಯುವಕನನ್ನು ಜನ ಹೊಡೆದು ಕೊಂದರು. ಅವನ ಜೊತೆಗಿದ್ದ ಗೆಳೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದ, ಅಷ್ಟೇ. ಆ ದಿನಗಳಲ್ಲಿ ದೇಶವೆಲ್ಲ ಸುತ್ತುತ್ತಿದ್ದ ವಿಡಿಯೊಗಳಲ್ಲಿ ಒಂದು ನನ್ನ ಫೋನಿಗೂ ಬಂದಿತ್ತು. ಬೈಕಿನಲ್ಲಿ ಇಬ್ಬರು ಬರ್ತಾರೆ, ಬೀದಿಯಲ್ಲಿ ಆಡ್ತಿರೋ ಮಗುವನ್ನು ಎತ್ತಿಕೊಂಡು ಹೋಗ್ತಾರೆ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗೆ ದುಡಿಯೋ ಒಂದು ಸಂಸ್ಥೆ ಮಾಡಿಸಿದ ಜಾಗೃತಿ ಚಿತ್ರ. ಕೊನೆಯಲ್ಲಿ ಅದೇ ಇಬ್ಬರು ಮಗುವನ್ನು ವಾಪಸ್ ತಂದು ಬಿಟ್ಟು, ಮಗುವನ್ನು ಎತ್ತಿಕೊಂಡು ಹೋಗೋದು ಎಷ್ಟು ಸುಲಭ ನೋಡಿ ಅಂತ ಬೋರ್ಡ್ ಹಿಡೀತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿದರು. ಮಕ್ಕಳನ್ನು ಕಾಪಾಡೋಕೆ ಮಾಡಿದ ಚಿತ್ರ, ಬಾಲ ಕತ್ತರಿಸಿದ ಮೇಲೆ ಕಳ್ಳರು ಊರಿಗೆ ಬಂದಿದ್ದಾರೆ ಅನ್ನೋದಕ್ಕೆ ಸಾಕ್ಷಿಯಾಯಿತು. ಆಮೇಲೆ ವಾಟ್ಸಾಪ್‌ನವರು ನಮ್ಮ ದೇಶದಲ್ಲಿ ಒಂದು ಸಲಕ್ಕೆ 5 ಕಡೆಗೆ ಮಾತ್ರ ಫಾರ್ವರ್ಡ್ ಅಂತ ಮಿತಿ ಹಾಕಿದರು. ಕಳಿಸಿದವರು ಯಾರೂ ಕೆಟ್ಟವರಲ್ಲ, ನನಗೆ ಕಳಿಸಿದ್ದು ಪಕ್ಕದ ಬೀದಿಯ ಒಬ್ಬ ತಾಯಿ. "ನಿಜವೋ ಸುಳ್ಳೋ, ಹುಷಾರಾಗಿರೋದು ಒಳ್ಳೇದಲ್ವಾ" ಅಂದಳು. ನಿನ್ನ ಗೆಳೆಯರು ಫೋಟೊ ಬಗ್ಗೆ ಹೇಳಿದ್ದೂ ಇದನ್ನೇ.

ನಿನ್ನದನ್ನೂ ಅದನ್ನೂ ಒಂದೇ ತಕ್ಕಡಿಗೆ ಹಾಕ್ತಿಲ್ಲ. ಅಷ್ಟು ಮುಖ ಸಣ್ಣ ಮಾಡ್ಕೋಬೇಡ.

ಪರ್ಸ್ 1877ರಲ್ಲೂ 1878ರಲ್ಲೂ ಒಂದು ವಿಜ್ಞಾನ ಮಾಸಿಕಕ್ಕೆ ಎರಡು ಲೇಖನ ಬರೆದ. ಮೊದಲನೆಯದರಲ್ಲಿ ಅವನು ಹೇಳೋದು, ಅನುಮಾನ ಅನ್ನೋದು ನವೆ ಇದ್ದ ಹಾಗೆ, ಅದು ನಿಲ್ಲೋವರೆಗೂ ನಮಗೆ ಸಮಾಧಾನ ಇಲ್ಲ, ನಿಲ್ಲಿಸೋಕೆ ಏನು ಸಿಕ್ಕಿದರೂ ಹಿಡ್ಕೊಳ್ತೀವಿ. ಕೆಲವರು ಹಟ ಹಿಡೀತಾರೆ. ಕೆಲವರು ದೊಡ್ಡವರು ಹೇಳಿದ್ದನ್ನು ನಂಬ್ತಾರೆ. ಕೆಲವರು ಮನಸ್ಸಿಗೆ ಹಿತವಾದದ್ದನ್ನು ನಂಬ್ತಾರೆ. ಇನ್ನೊಂದು ದಾರಿ ಇದೆ, ಹೋಗಿ ನೋಡೋದು, ನಾವು ಏನಂದುಕೊಂಡರೂ ಬದಲಾಗದ ವಸ್ತುವಿನ ಎದುರು ನಿಂತು ಪರೀಕ್ಷೆ ಮಾಡೋದು. ಅದು ನಿಧಾನ, ಕಾಲು ನೋಯುತ್ತೆ. ಒಂದು ವಾಟ್ಸಾಪ್ ಗುಂಪಿನಲ್ಲಿ ಮೊದಲ ಮೂರೂ ಒಟ್ಟಿಗೆ ಸಿಗುತ್ತವೆ, ಅದೂ ಬಿಟ್ಟಿಯಾಗಿ.

ಎರಡನೇ ಲೇಖನ ನಿನಗೆ ಜಾಸ್ತಿ ಬೇಕಾದದ್ದು. ಒಂದು ಮಾತಿನ ಅರ್ಥ ಏನು ಅಂತ ತಿಳಿಯಬೇಕಾದರೆ ಅದರಿಂದ ನಡವಳಿಕೆಯಲ್ಲಿ ಏನು ವ್ಯತ್ಯಾಸ ಆಗುತ್ತೆ ಅಂತ ಕೇಳು ಅಂತಾನೆ. ಒಂದು ವಸ್ತು ಗಟ್ಟಿ ಅಂದರೆ ಏನು? ಬೇರೆ ಎಷ್ಟೋ ವಸ್ತುಗಳಿಂದ ಅದನ್ನು ಗೀಚೋಕೆ ಆಗಲ್ಲ ಅಂತ. ಅಷ್ಟೇ, ಅದರ ಹಿಂದೆ ಬೇರೇನೂ ಗುಟ್ಟಿಲ್ಲ. ನಂಬಿಕೆಯೂ ಹಾಗೇ. ಹೇಗೆ ನಡ್ಕೊಳ್ಳೋಕೆ ತಯಾರಿದ್ದೀವಿ ಅನ್ನೋದೇ ನಂಬಿಕೆ.

ಈಗ 'ನಮ್ಮ ಕೆರೆ ವಿಷ' ಅಂತ ನಿಮ್ಮೂರವರು ನಂಬಿದರು ಅಂದೆಯಲ್ಲ, ಅದನ್ನು ಹೀಗೆ ಕೇಳಿ ನೋಡು. ದನಕ್ಕೆ ಆ ನೀರು ಕುಡಿಸೋದು ನಿಲ್ಲಿಸಿದರಾ? ಟೊಮ್ಯಾಟೊಗೆ ಬಿಡೋದು? ನಿನ್ನ ಐದನೇ ಅಧ್ಯಾಯದಲ್ಲೇ ಉತ್ತರ ಇದೆ, ಬರೆದವನಿಗೇ ಅದು ಕಂಡಿಲ್ಲ. ಭಾನುವಾರ ಬೆಳಿಗ್ಗೆ ಕೆರೆ ಕಟ್ಟೆ ಮೇಲೆ ಮೀನು ಮಾರ್ತಾರೆ, ನಿನ್ನ ಪೋಸ್ಟ್ ಹಂಚಿದ ಹುಡುಗರೇ ಚೌಕಾಸಿ ಮಾಡಿ ಎರಡೆರಡು ಕೆಜಿ ತಗೊಂಡು, ಕೈ ತೊಳ್ಕೊಳ್ಳೋದಕ್ಕೆ ಅದೇ ಕೆರೆಗೆ ಇಳೀತಾರೆ. ಆಮೇಲೆ ಕ್ಯಾನ್ ಹಿಡ್ಕೊಂಡು ಶುದ್ಧ ನೀರಿನ ಘಟಕದ ಮುಂದೆ ಸಾಲಲ್ಲಿ ನಿಂತು 5 ರೂಪಾಯಿ ನಾಣ್ಯ ಹಾಕ್ತಾರೆ. ಆ ಸಾಲು ಕೆ.ಸಿ. ವ್ಯಾಲಿಗೂ ಮೊದಲಿಂದ ಇದೆ, ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿಯಾದ ಕಾಲದಿಂದ. ಎಷ್ಟು ಚೆನ್ನಾಗಿ ಬರೆದಿದ್ದೀಯ ಆ ಪುಟ! ಇಡೀ ಪುಸ್ತಕದಲ್ಲಿ ನಾನು ಎರಡು ಸಲ ಓದಿದ್ದು ಅದೊಂದೇ. ಅದನ್ನು ಯಾಕೆ ಹಿಂದೆ ತುರುಕಿ ಘೋಷಣೆಗಳನ್ನು ಮುಂದೆ ಇಟ್ಟೆ?

ಹಾಗಾದರೆ ಪೋಸ್ಟ್‌ನಿಂದ ಯಾವ ನಂಬಿಕೆ ಹುಟ್ಟಿತು? ನನಗನಿಸೋದು ಇದು: ಹಂಚೋದೇ ಅವರ ನಡವಳಿಕೆಯಾಯಿತು. ಓದಿದ ತಕ್ಷಣ ಮನಸ್ಸಲ್ಲಿ ಏನೋ ಚುಚ್ಚಿತು, ಬೆರಳು ಒತ್ತಿದರು, ಸಮಾಧಾನ ಆಯಿತು. ಅವರಿಗೆ ಅಭ್ಯಾಸವಾಗಿದ್ದು ಕೆರೆ ಉಳಿಸೋದಲ್ಲ, 'ನಮ್ಮಂಥವರು ಇಂಥದ್ದನ್ನು ಹಂಚ್ತೀವಿ' ಅನ್ನೋದು. ಗ್ರಾಮಸಭೆಗೆ ಬರಲಿಲ್ಲ ಅಂತ ಅಳ್ತೀಯಲ್ಲ, ಬಾ ಅಂತ ಆ ಪೋಸ್ಟ್‌ನಲ್ಲಿ ದಿನಾಂಕವಾದರೂ ಹಾಕಿದ್ದೆಯಾ?

ಆನ್‌ಲೈನ್ ಹೋರಾಟವೇ ಸುಳ್ಳು ಅಂತ ಮೂಗು ಮುರಿಯೋ ನನ್ನ ವಯಸ್ಸಿನವರ ಜೊತೆ ನನ್ನನ್ನು ಸೇರಿಸಬೇಡ. ಲೈಂಗಿಕ ಕಿರುಕುಳ ಅನುಭವಿಸಿದ ಹೆಂಗಸರಿಗಾಗಿ 'ಮೀ ಟೂ' ಅನ್ನೋ ಎರಡು ಪದವನ್ನು ಅಮೆರಿಕದ ಹೋರಾಟಗಾರ್ತಿ ತರಾನಾ ಬರ್ಕ್ 2006ರಲ್ಲೇ ಬಳಸಿದ್ದಳು, 2017ರ ಅಕ್ಟೋಬರ್‌ನಲ್ಲಿ ಅದು ಲೋಕವೆಲ್ಲ ಹಬ್ಬಿತು, ಮಾರನೇ ವರ್ಷ ಇಲ್ಲಿಗೂ ಬಂದು ಕೇಂದ್ರದ ಒಬ್ಬ ಸಚಿವರು ರಾಜೀನಾಮೆ ಕೊಟ್ಟರು. ಯಾಕೆ ಅಷ್ಟು ಬಲ ಬಂತು? ಆ ಪದ ಬರೆದ ಪ್ರತಿಯೊಬ್ಬಳೂ ತನ್ನ ಕಡೆಗೇ ಬೆರಳು ತೋರಿಸಿಕೊಳ್ತಿದ್ದಳು. ನನಗೆ ಆಗಿದೆ, ಇಗೋ ನಾನು. ಇನ್ನೊಂದು ಕಡೆ, 2020ರ ಜೂನ್ 2ರಂದು ಲಕ್ಷಗಟ್ಟಲೆ ಜನ ಇನ್‌ಸ್ಟಾಗ್ರಾಮ್‌ನಲ್ಲಿ ಬರೀ ಕಪ್ಪು ಚೌಕ ಹಾಕಿದರು, ಅಮೆರಿಕದ ಕರಿಯರ ಪರವಾಗಿ. ಮನಸ್ಸು ಒಳ್ಳೇದೇ. ಆದರೆ ತುಂಬಾ ಜನ ಅದನ್ನು ಹೋರಾಟದ ಹ್ಯಾಷ್‌ಟ್ಯಾಗ್‌ನಲ್ಲೇ ಹಾಕಿದ್ದರಿಂದ ಪ್ರತಿಭಟನೆ ಎಲ್ಲಿ, ಸಹಾಯ ಎಲ್ಲಿ ಅನ್ನೋ ಮಾಹಿತಿಯೆಲ್ಲ ಆ ಕಪ್ಪಿನ ಕೆಳಗೆ ಹೂತುಹೋಯಿತು, ದಯವಿಟ್ಟು ನಿಲ್ಲಿಸಿ ಅಂತ ಹೋರಾಟಗಾರರೇ ಕೇಳಿಕೊಳ್ಳಬೇಕಾಯಿತು. ಕಪ್ಪು ಚೌಕ ಯಾವುದರ ಕಡೆಗೂ ಬೆರಳು ತೋರಿಸೋದಿಲ್ಲ.

ಹೊಗಳಿಕೆ ಬಗ್ಗೆ ಒಂದು ಹಳೇ ಸಿಟ್ಟು ಹೇಳಿಬಿಡ್ತೀನಿ. ಸಾರಾಯಿ ಪ್ಯಾಕೆಟ್ ಇದ್ದ ಕಾಲ, 2007ರ ನಿಷೇಧಕ್ಕೂ ಎಷ್ಟೋ ಮೊದಲು. ನಮ್ಮ ಕಡೆಯ ಒಂದು ಹಳ್ಳಿಯ ಹೆಂಗಸರು ಅಂಗಡಿಗೆ ನುಗ್ಗಿ ಪ್ಯಾಕೆಟ್‌ಗಳನ್ನು ರಸ್ತೆಗೆ ಸುರಿದು ಬೆಂಕಿ ಹಚ್ಚಿದರು. ನಾನು ಒಂದು ವಾರಪತ್ರಿಕೆಗೆ ಬರೆದೆ. ಕೊನೇ ಪ್ಯಾರಾದಲ್ಲಿ, ಅದೇ ಅಂಗಡಿ ವಾರದೊಳಗೆ ಶಾಲೆಯ ಹಿಂದೆ ಮತ್ತೆ ಬಾಗಿಲು ತೆಗೆದಿದೆ ಅಂತ ಇತ್ತು. ಸಂಪಾದಕರು ಅದನ್ನು ಕಿತ್ತುಹಾಕಿದರು. ಬೆಂಕಿಯಲ್ಲಿ ಮುಗಿದರೆ ಓದುಗರಿಗೆ ಹುರುಪು ಬರುತ್ತಂತೆ. ಬಂತು, ರಾಶಿ ರಾಶಿ ಕಾಗದ ಬಂದವು. ಆ ಹೆಂಗಸರು ಮತ್ತೆ ದೂರು ಕೊಡೋಕೆ ಹೋದರೆ ಕಚೇರಿಯಲ್ಲಿ "ಅಂಗಡಿ ಮುಚ್ಚಿಸಿದ್ದೀರಂತಲ್ಲ, ಪೇಪರ್‌ನಲ್ಲೇ ಬಂದಿದೆ, ಇನ್ನೇನು" ಅಂತ ವಾಪಸ್ ಕಳಿಸಿದರು. ಸಂಪಾದಕರು ಈಗಿಲ್ಲ. ಸಿಟ್ಟು ಇದೆ.

ಈಗ ನಿನ್ನ ಕೆಲಸ. ಮೂರನೇ ಅಧ್ಯಾಯ ಹರಿದುಹಾಕು. ಫೋಟೊ ಬೆಳ್ಳಂದೂರಿನದು ಅಂತ ನೀನೇ ಬರೆದು ಹಾಕು, ಯಾರೋ ಹಿಡಿದುಕೊಟ್ಟರು ಅಂತ ಅಲ್ಲ, ನಿನ್ನ ಬಾಯಿಂದಲೇ. ಗೆಳೆಯರು ಬೈತಾರೆ, ಬೈಯಲಿ. ಆಮೇಲೆ ಕೆರೆಗೆ ಹೋಗು, ತೂಬಿನ ಹತ್ತಿರ ನಿಲ್ಲು, ನೀರು ಹೇಗಿದೆಯೋ ಹಾಗೆ ಬರಿ. ನೊರೆ ಇಲ್ಲದಿದ್ದರೆ ಇಲ್ಲ ಅಂತ ಬರಿ. ಬೋರ್‌ವೆಲ್‌ನಲ್ಲಿ ನೀರು ಮೇಲೆ ಬಂತು ಅಂತ ಖುಷಿಯಾಗಿರೋ ರೈತರು ನಿಮ್ಮೂರಲ್ಲೂ ಇರ್ತಾರೆ, ಅವರನ್ನು ಪುಸ್ತಕದಿಂದ ಓಡಿಸಿದ್ದೀಯ, ವಾಪಸ್ ಕರೆ. ನೀರಿನ ಪರೀಕ್ಷೆಯ ವರದಿ ಯಾವ ತಿಂಗಳದ್ದು ಅಂತ ಮಾಹಿತಿ ಹಕ್ಕಿನಲ್ಲಿ ಕೇಳು, ಬಂದ ಉತ್ತರವನ್ನು ಬಾಲ ಕತ್ತರಿಸದೆ ಹಾಕು. ನಿನ್ನ ಶೇರ್‌ಗಳ ಸಂಖ್ಯೆ ಬೀಳುತ್ತೆ, ಅದನ್ನು ಮೊದಲೇ ಹೇಳಿಬಿಡ್ತೀನಿ.

ಮತ್ತೆ, ಇದನ್ನೆಲ್ಲ ಮುಗಿಸಿದ ಮೇಲೆ ಪಿಡಿಎಫ್ ಕಳಿಸಬೇಡ. ನನ್ನ ಕಣ್ಣಿಗೆ ಆಗಲ್ಲ. ಪ್ರಿಂಟ್ ತೆಗೆಸಿ, ಎರಡು ಸಾಲಿನ ಮಧ್ಯೆ ಜಾಗ ಬಿಡಿಸಿ, ಬಸ್ಸಲ್ಲಿ ಬಂದು ಕೊಟ್ಟು ಹೋಗು. ಮಂಗಳವಾರ ಬೇಡ, ಆವತ್ತು ನಾನು ಮನೆಯಲ್ಲಿರಲ್ಲ.

ಇಂತಿ,
ನಿನ್ನ ಅಕ್ಕ